‘ಗಾಡಿ ಸ್ವಲ್ಪ ನೋಡ್ಕೊಳಿ’ ಅಂದಾಗ ಹೂಂ ಅಂದವರು ಯಾರು?

ಬೆಳಗಿನ ಬಸ್ಸುಗಳ ಹೊತ್ತಿಗೆ ಹಳ್ಳಿಮೈಸೂರಿಗೆ ಬಂದು ನೋಡಿ. ಇನ್ನೂ ಬಾಗಿಲು ತೆರೆಯದ ಅಂಗಡಿಗಳ ಮುಂದೆ, ಮರದ ಕೆಳಗೆ, ಚರಂಡಿ ಚಪ್ಪಡಿಯ ಮೇಲೆ ಬೈಕುಗಳು ಒಂದೊಂದಾಗಿ ಬಂದು ನಿಲ್ಲುತ್ತವೆ. ಸುತ್ತಲ ಊರುಗಳಿಂದ ಬಂದವರು ಇಲ್ಲಿ ಗಾಡಿ ಬಿಟ್ಟು ಹೊಳೆನರಸೀಪುರಕ್ಕೋ ಹಾಸನಕ್ಕೋ ಮೈಸೂರಿಗೋ ಬಸ್ ಹತ್ತುತ್ತಾರೆ. ಹತ್ತುವ ಮುಂಚೆ ಟೀ ಅಂಗಡಿಯ ಕಡೆ ತಿರುಗಿ ಒಂದು ಮಾತು ಹೇಳುತ್ತಾರೆ: ‘ಅಣ್ಣಾ, ಗಾಡಿ ಸ್ವಲ್ಪ ನೋಡ್ಕೊಳಿ.’ ಟೀ ಸೋಸುತ್ತಿದ್ದವನು ತಲೆ ಎತ್ತದೆ ‘ಹೂಂ’ ಅನ್ನುತ್ತಾನೆ. ಬಸ್ ಹೊರಡುತ್ತದೆ.

ಆ ‘ಹೂಂ’ಗೆ ಬೆಲೆ ಎಷ್ಟು? ಸಂಜೆ ಬಂದಾಗ ಗಾಡಿ ಇಲ್ಲದಿದ್ದರೆ ಯಾರನ್ನು ಕೇಳಬೇಕು?

ಜಿಲ್ಲಾ ಸ್ಟ್ರಿಂಗರ್ ಆಗಿ ನಾನು ಬರೆಯುವ ಸುದ್ದಿಗಳಲ್ಲೇ ಅತಿ ಚಿಕ್ಕದು ಬೈಕ್ ಕಳವಿನದು. ಮೂರು ಸಾಲು: ಎಲ್ಲಿ ನಿಲ್ಲಿಸಿದ್ದರು, ಯಾವ ಕಂಪನಿಯ ಗಾಡಿ, ಯಾವ ಠಾಣೆಯಲ್ಲಿ ಪ್ರಕರಣ. ಜಾಗ ಸಾಲದಿದ್ದರೆ ಪುಟದಿಂದ ಮೊದಲು ಬೀಳುವುದೂ ಅದೇ. ಕಳೆದ ವರ್ಷ ಪರಿಚಯದ ಒಬ್ಬರು ಪಟ್ಟಣವೊಂದರ ಸ್ಟ್ಯಾಂಡಿನಲ್ಲಿ ದುಡ್ಡು ಕೊಟ್ಟು ನಿಲ್ಲಿಸಿದ್ದ ಬೈಕ್ ಕಳೆದುಕೊಂಡರು. ಅದೇ ಗಾಡಿಯಲ್ಲಿ ತರಕಾರಿ ಮೂಟೆ ಹಾಕಿಕೊಂಡು ಊರೂರು ತಿರುಗಿ ಮಾರುತ್ತಿದ್ದವರು. ಸಾಲದ ಕಂತು ಇನ್ನೂ ತೀರಿರಲಿಲ್ಲ. ಸ್ಟ್ಯಾಂಡಿನ ಹುಡುಗ ಗೋಡೆಯ ಬೋರ್ಡ್ ತೋರಿಸಿದ: ‘ವಾಹನಗಳಿಗೆ ಮಾಲೀಕರೇ ಜವಾಬ್ದಾರರು.’ ಅವರು ಅದನ್ನು ಓದಿ, ಪೊಲೀಸ್ ದೂರು ಕೊಟ್ಟು ಮನೆಗೆ ಬಂದರು. ಟೋಕನ್ ಮಾತ್ರ ಜೇಬಿನಲ್ಲೇ ಉಳಿದಿತ್ತು. ‘ಬೋರ್ಡ್ ಹಾಕಿದ್ರಲ್ಲ, ಇನ್ನೇನು ಕೇಳೋದು’ ಅಂದರು.

ಆ ಬೋರ್ಡಿನ ಮಾತು ಎಷ್ಟು ಹಳೆಯದು, ಎಷ್ಟು ನಿಜ ಎಂದು ಹುಡುಕುತ್ತಾ ಹೋದೆ. ಸಿಕ್ಕಿದ ಕಥೆ ನಾನು ಅಂದುಕೊಂಡದ್ದಕ್ಕಿಂತ ತುಂಬಾ ಉದ್ದ.

ಮೊದಲು ದನ, ಆಮೇಲೆ ಗಾಡಿ

ಹಾಸನ ಸೀಮೆಯಲ್ಲಿ ಊರ ಹೊರಗೆ, ದೇವಸ್ಥಾನದ ಅಂಗಳದಲ್ಲಿ, ಕೆರೆ ಏರಿಯ ಮೇಲೆ ವೀರಗಲ್ಲುಗಳು ಬೇಕಾದಷ್ಟಿವೆ. ಅವುಗಳಲ್ಲಿ ಹಲವು ತುರುಗೋಳಿನ ಕಲ್ಲುಗಳು. ತುರುಗೋಳ್ ಎಂದರೆ ದನಗಳನ್ನು ಹೊಡೆದುಕೊಂಡು ಹೋಗುವುದು. ಕಲ್ಲಿನ ಕೆಳಗಿನ ಪಟ್ಟಿಯಲ್ಲಿ ಹಸುಗಳ ಸಾಲು, ಬಿಲ್ಲು ಕತ್ತಿ ಹಿಡಿದವರು. ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು. ಮೇಲೆ ಲಿಂಗ, ಅದರ ಮುಂದೆ ಕೈ ಮುಗಿದು ಕೂತ ವೀರ. ಊರಿನ ದನ ಬಿಡಿಸಿಕೊಂಡು ಬರಲು ಹೋಗಿ ಸತ್ತವನ ನೆನಪು ಅದು. ಉಳುವುದಕ್ಕೂ ಹೊರುವುದಕ್ಕೂ ದನವೇ ಬೇಕಿದ್ದ ಕಾಲದಲ್ಲಿ ಅದು ಹೋದರೆ ಬದುಕೇ ಹೋದಂತೆ. ಇವತ್ತು ತರಕಾರಿ ಮಾರುವವರ ಬೈಕ್ ಹೋದ ಹಾಗೆ.

ಆದರೆ ಎಲ್ಲ ಕಳವಿಗೂ ಪ್ರಾಣ ಕೊಡಲಾಗುವುದಿಲ್ಲ. ಅದಕ್ಕೆ ಆಡಳಿತ ಬೇರೆ ದಾರಿ ಹುಡುಕಿತ್ತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇದಕ್ಕೆ ಒಂದು ನಿಯಮವಿದೆ. ದಾರಿಹೋಕ ವ್ಯಾಪಾರಿಗಳು ರಾತ್ರಿ ಒಂದು ಊರಿನಲ್ಲಿ ತಂಗಬಹುದು, ಆದರೆ ತಮ್ಮ ಸರಕೇನು, ಬೆಲೆಯೇನು ಎಂದು ಮೊದಲೇ ತಿಳಿಸಿರಬೇಕು. ಹಾಗೆ ತಿಳಿಸಿ ತಂಗಿದವರ ಸರಕು ಊರೊಳಗೆ ಕಳುವಾದರೆ ಊರಿನ ಮುಖ್ಯಸ್ಥ ತುಂಬಿಕೊಡಬೇಕು. ಎರಡು ಊರುಗಳ ನಡುವೆ ಹೋದರೆ ಹುಲ್ಲುಗಾವಲಿನ ಅಧಿಕಾರಿ, ಅದರಾಚೆ ಹೋದರೆ ಕಳ್ಳರನ್ನು ಹಿಡಿಯಲೆಂದೇ ನೇಮಕವಾದ ಅಧಿಕಾರಿ. ನೆಲದ ಯಾವ ತುಂಡಿನಲ್ಲಿ ಕಳುವಾದರೂ ಉತ್ತರ ಕೊಡಲು ಒಬ್ಬನಿರಬೇಕು ಅನ್ನುವುದು ಅದರ ತಿರುಳು. ಇನ್ನೊಂದು ಮಾತನ್ನೂ ಗಮನಿಸಿ. ಮೊದಲು ತಿಳಿಸಿದವನಿಗಷ್ಟೇ ಪರಿಹಾರ. ನಮ್ಮ ಕಾಲದ ಟೋಕನ್ ಮಾಡುವ ಕೆಲಸವೂ ಅದೇ.

ತಳವಾರನ ಹೊಣೆ, ತಳವಾರನ ಹೊರೆ

ಹಳೇ ಮೈಸೂರಿನ ಊರುಗಳಲ್ಲಿ ಹನ್ನೆರಡು ಆಯಗಾರರಿದ್ದರು. ಗೌಡ, ಶಾನುಭೋಗ, ಕಮ್ಮಾರ, ಬಡಗಿ, ಅಗಸ, ನೀರಗಂಟಿ ಇವರ ಜೊತೆಗೆ ತಳವಾರ, ತೋಟಿ. ಸುಗ್ಗಿಯಲ್ಲಿ ಕಣದಿಂದ ಇಷ್ಟು ಧಾನ್ಯ, ಕೆಲವರಿಗೆ ಇನಾಂ ಭೂಮಿ, ಇದೇ ಅವರ ಸಂಬಳ. ಬೆಳೆ ಕಾಯುವುದು, ಊರಿಗೆ ಬಂದ ಹೊಸಬರ ಮೇಲೆ ಕಣ್ಣಿಡುವುದು, ಕಳ್ಳನ ಹೆಜ್ಜೆ ಜಾಡು ಹಿಡಿಯುವುದು ಕಾವಲಿನವರ ಕೆಲಸ. ದಕ್ಷಿಣ ಭಾರತದ ಕಾವಲು ಪದ್ಧತಿಯಲ್ಲಿ ಕಳ್ಳನೂ ಸಿಗದೆ ಮಾಲೂ ಸಿಗದೆ ಹೋದರೆ ಕಾವಲಿನವರೇ ನಷ್ಟ ತುಂಬಬೇಕಾದ ವಾಡಿಕೆಯೂ ಇತ್ತು.

ಇದನ್ನು ಕೇಳಿ ‘ಆ ಕಾಲ ಎಷ್ಟು ಚೆನ್ನಾಗಿತ್ತು’ ಅನ್ನುವ ಮುಂಚೆ ಸ್ವಲ್ಪ ನಿಲ್ಲಬೇಕು. ಹೊಣೆ ಬೀಳುತ್ತಿದ್ದದ್ದು ಬಹುಪಾಲು ಊರಿನ ಕೆಳಜಾತಿಯ, ಕೈಯಲ್ಲಿ ಕಾಸಿಲ್ಲದ ಮನುಷ್ಯನ ಮೇಲೆ. ಕಳ್ಳ ಯಾರೇ ಆಗಿರಲಿ, ಮೊದಲ ಅನುಮಾನವೂ ಅವನ ಮೇಲೇ. ಹುಟ್ಟಿನಿಂದ ಬಂದ ಈ ಚಾಕರಿಯನ್ನು 1961ರ ಗ್ರಾಮ ಕಚೇರಿಗಳ ರದ್ದಿಯಾತಿ ಕಾಯ್ದೆ ಕೊನೆಗೊಳಿಸಿತು. ಅದು ಜಾರಿಗೆ ಬಂದದ್ದು 1963ರಲ್ಲಿ. ಆಗಬೇಕಾದ ಕೆಲಸವೇ ಆಯಿತು. ಆದರೆ ‘ಈ ಜಾಗಕ್ಕೆ ನಾನು ಹೊಣೆ’ ಎನ್ನುವ ಪಾತ್ರವೂ ಅದರ ಜೊತೆಗೇ ಊರಿನಿಂದ ಹೋಯಿತು. ಆ ಜಾಗಕ್ಕೆ ಸಂಬಳ ಕೊಟ್ಟು ಇನ್ನೊಬ್ಬನನ್ನು ಯಾರೂ ಕೂರಿಸಲಿಲ್ಲ.

ಜಾತ್ರೆಯ ರಸೀತಿ

ಎತ್ತಿನ ಗಾಡಿಯ ಕಾಲದಲ್ಲಿ ‘ಪಾರ್ಕಿಂಗ್’ ಎಂದರೆ ಗಾಡಿಯ ಮೂಕಿ ಇಳಿಸಿ ಎತ್ತು ಬಿಚ್ಚುವುದು. ಎತ್ತು ಇಲ್ಲದೆ ಗಾಡಿ ಕದಿಯುವುದು ಸುಲಭವಲ್ಲ. ಹೆದರಿಕೆ ಎಲ್ಲ ಎತ್ತಿಗೇ. ಅದಕ್ಕೇ ಚುಂಚನಕಟ್ಟೆ, ರಾಮನಾಥಪುರ, ಬೂಕನಬೆಟ್ಟದಂಥ ದನಗಳ ಜಾತ್ರೆಗೆ ಹೋದವರು ಗಾಡಿಯ ಕೆಳಗೇ, ಎತ್ತಿನ ಪಕ್ಕದಲ್ಲೇ ಮಲಗುತ್ತಿದ್ದರು. ಒಂದೂರಿನ ಗಾಡಿಗಳೆಲ್ಲ ಒಂದೇ ಕಡೆ ಬೀಡು ಬಿಡುತ್ತಿದ್ದವು. ಒಬ್ಬರಲ್ಲ ಒಬ್ಬರು ಎದ್ದಿರುತ್ತಿದ್ದರು.

ಜಾತ್ರೆಗಳಿಗೆ ಇನ್ನೊಂದು ಕಟ್ಟು ಇತ್ತು. ಮಾರಾಟವಾದ ದನಕ್ಕೆ ರಸೀತಿ ಬರೆಸಬೇಕು, ಅದರಲ್ಲಿ ಬಣ್ಣ, ಕೊಂಬು, ಸುಳಿಯ ಗುರುತು ಇರಬೇಕು. ದಾರಿಯಲ್ಲಿ ಯಾರಾದರೂ ತಡೆದರೆ ಅದೇ ಸಾಕ್ಷಿ. ಇವತ್ತಿನ ಆರ್‌ಸಿ ಪುಸ್ತಕದ ಅಜ್ಜ ಅದು. ಕದಿಯುವುದನ್ನು ಅದು ನಿಲ್ಲಿಸುತ್ತಿರಲಿಲ್ಲ. ಕದ್ದದ್ದನ್ನು ಮಾರುವುದನ್ನು ಕಷ್ಟ ಮಾಡುತ್ತಿತ್ತು.

ಸೈಕಲ್ ಸ್ಟ್ಯಾಂಡಿನ ಕಾಲ

ಆಮೇಲೆ ಸೈಕಲ್ ಬಂತು. ಪುರಸಭೆಗೆ ಸೈಕಲ್ ತೆರಿಗೆ ಕಟ್ಟಿ ತಗಡಿನ ಬಿಲ್ಲೆ ಹಾಕಿಸಿಕೊಳ್ಳಬೇಕಿತ್ತು ಎನ್ನುವುದು ಹಿರಿಯರಿಗೆ ನೆನಪಿರುತ್ತದೆ. ಟೂರಿಂಗ್ ಟಾಕೀಸು, ಬಸ್ ನಿಲ್ದಾಣ, ರೈಲು ನಿಲ್ದಾಣ, ಆಸ್ಪತ್ರೆ ಎಲ್ಲ ಕಡೆ ಸೈಕಲ್ ಸ್ಟ್ಯಾಂಡ್ ಹುಟ್ಟಿತು. ಬಿದಿರಿನ ಗಳು ಕಟ್ಟಿದ ಒಂದು ಆವರಣ, ಒಳಗೆ ಹೋಗಲು ಬರಲು ಒಂದೇ ದಾರಿ, ಅಲ್ಲೊಂದು ಸ್ಟೂಲು, ಅದರ ಮೇಲೊಬ್ಬ ಮನುಷ್ಯ. ಚೀಟಿಯ ಅರ್ಧ ನಿಮಗೆ, ಇನ್ನರ್ಧ ಬ್ರೇಕಿನ ತಂತಿಗೆ. ಎರಡೂ ಕೂಡಿದರೆ ಸೈಕಲ್ ಹೊರಗೆ ಬರುತ್ತದೆ. ನನ್ನ ಅಪ್ಪ ಸಿನಿಮಾದ ಕಥೆ ಮರೆತರೂ ಚೀಟಿ ಇಟ್ಟ ಜೇಬು ಮರೆಯುತ್ತಿರಲಿಲ್ಲ.

ಈ ಅರ್ಧ ಚೀಟಿಯ ಹಿಂದೆ ದೊಡ್ಡ ಕಾನೂನು ಇದೆ. 1872ರ ಭಾರತೀಯ ಕರಾರು ಕಾಯ್ದೆಯ 148ನೇ ಸೆಕ್ಷನ್‌ನಿಂದ ಮುಂದೆ ಬರುವುದು ಇದೇ ವಿಷಯ. ಒಬ್ಬನು ತನ್ನ ವಸ್ತುವನ್ನು ಒಂದು ಉದ್ದೇಶಕ್ಕಾಗಿ ಇನ್ನೊಬ್ಬನ ವಶಕ್ಕೆ ಒಪ್ಪಿಸುತ್ತಾನೆ, ಕೆಲಸ ಮುಗಿದ ಮೇಲೆ ಅದೇ ವಸ್ತು ವಾಪಸು ಬರಬೇಕು. ಇಟ್ಟುಕೊಂಡವನು, ವಿವೇಕವುಳ್ಳ ಮನುಷ್ಯ ತನ್ನದೇ ವಸ್ತುವನ್ನು ನೋಡಿಕೊಳ್ಳುವಷ್ಟು ಜೋಪಾನವಾಗಿ ನೋಡಿಕೊಳ್ಳಬೇಕು ಎನ್ನುತ್ತದೆ 151ನೇ ಸೆಕ್ಷನ್. ಸ್ಟೂಲಿನ ಮೇಲೆ ಕೂತವನು ಈ ಸೆಕ್ಷನ್ ಓದಿರಲಿಕ್ಕಿಲ್ಲ. ಆದರೆ ಅವನು ಮಾಡುತ್ತಿದ್ದ ಕೆಲಸ ಅದೇ.

ಗಾಡಿ ಹೆಚ್ಚಿತು, ಕಣ್ಣು ಕಡಿಮೆಯಾಯಿತು

1980ರಲ್ಲಿ ಟಿವಿಎಸ್ 50 ಬಂತು, 1985ರಲ್ಲಿ ಹೀರೋ ಹೋಂಡಾ ಸಿಡಿ 100. ಅಲ್ಲಿಂದ ಮುಂದೆ ಹಳ್ಳಿಯ ಮನೆಮನೆಗೆ ಮೋಟಾರು ಬಂತು. ಸ್ಟ್ಯಾಂಡಿನ ಆವರಣ ಸಾಲಲಿಲ್ಲ. ಗಾಡಿಗಳು ರಸ್ತೆಬದಿಗೆ, ಬ್ಯಾಂಕಿನ ಮುಂದಕ್ಕೆ, ಕಲ್ಯಾಣ ಮಂಟಪದ ಎದುರಿನ ಖಾಲಿ ಸೈಟಿಗೆ ಹರಡಿಕೊಂಡವು. ವಾಹನ ನಿಲ್ಲಿಸುವ ಜಾಗಗಳನ್ನು ಸ್ಥಳೀಯ ಸಂಸ್ಥೆಯ ಜೊತೆ ಸಮಾಲೋಚಿಸಿ ಗುರುತಿಸಲು 1988ರ ಮೋಟಾರು ವಾಹನ ಕಾಯ್ದೆಯ 117ನೇ ಸೆಕ್ಷನ್ ಅವಕಾಶ ಕೊಟ್ಟಿದೆ. ಆದರೆ ಗುರುತಿಸಿದ ಜಾಗದಲ್ಲಿ ಯಾರಾದರೂ ಕೂತು ಕಾಯಬೇಕಲ್ಲ?

ಕಾವಲಿಲ್ಲದ ಕಡೆ ಕಳ್ಳ ತನ್ನ ಕಸುಬು ಬದಲಿಸಿಕೊಂಡ. ಗಾಡಿಯನ್ನೇ ಕದಿಯುವುದು ಒಂದು. ಡಿಕ್ಕಿ ಒಡೆಯುವುದು ಇನ್ನೊಂದು, ನಮ್ಮ ಕಡೆ ಇದರ ಹೊಡೆತವೇ ಜಾಸ್ತಿ ನೋವು ಕೊಡುವುದು. ರಾಮನಾಥಪುರದ ಹೊಗೆಸೊಪ್ಪಿನ ಹರಾಜಿನ ದುಡ್ಡೋ, ಆಲೂಗೆಡ್ಡೆಯದೋ, ಒಡವೆ ಅಡವಿಟ್ಟದ್ದೋ ಬ್ಯಾಂಕಿನಿಂದ ತೆಗೆದು ಡಿಕ್ಕಿಯಲ್ಲಿಟ್ಟು, ‘ಐದೇ ನಿಮಿಷ’ ಎಂದು ಗೊಬ್ಬರದಂಗಡಿಗೆ ಹೋಗುತ್ತಾರೆ. ಬ್ಯಾಂಕಿನ ಬಾಗಿಲಿನಿಂದಲೇ ಹಿಂಬಾಲಿಸಿದವನಿಗೆ ಐದು ನಿಮಿಷ ಬೇಕಾದಷ್ಟಾಯಿತು. ಮೂರನೆಯದು ಗಮನ ಬೇರೆಡೆ ಸೆಳೆಯುವುದು: ‘ನಿಮ್ಮ ದುಡ್ಡು ಕೆಳಗೆ ಬಿದ್ದಿದೆ’, ‘ಅಂಗಿಗೆ ಗಲೀಜು ಅಂಟಿದೆ’, ‘ಟೈರ್ ಪಂಕ್ಚರ್ ಆಗಿದೆ’. ನಾಲ್ಕನೆಯದು ಕತ್ತಲಲ್ಲಿ ಒಬ್ಬರೇ ಗಾಡಿ ತೆಗೆಯುವ ಹೆಂಗಸರ ಸರಕ್ಕೆ ಕೈ ಹಾಕುವುದು. ಹಾಸನದಲ್ಲಿ ಪಾಳಿ ಮುಗಿಸಿ ಕಡೇ ಬಸ್ಸಿಗೆ ಬಂದು ಇಳಿಯುವ ಹೆಣ್ಣುಮಕ್ಕಳಿಗೆ ಗಾಡಿ ನಿಲ್ಲಿಸಿದ ಮೂಲೆಯಲ್ಲಿ ದೀಪವಿದೆಯೋ ಇಲ್ಲವೋ ಅನ್ನುವುದೇ ದಿನದ ದೊಡ್ಡ ಪ್ರಶ್ನೆ.

ಹಿಂದೆ ಇಂಥದ್ದೆಲ್ಲ ಐಪಿಸಿ 379ರಡಿ ಬರುತ್ತಿತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 303(2) ಕಳವಿಗೆ, 304 ಕಿತ್ತುಕೊಂಡು ಓಡುವುದಕ್ಕೆ.

ಬೀಗ, ಹೆಲ್ಮೆಟ್ಟು, ಮತ್ತು ಒಂದು ಟ್ಯಾಕ್ಸಿ ಕಚೇರಿ

ಬೇರೆ ದೇಶಗಳಲ್ಲೂ ಇದೇ ಪಾಡು. ಅಲ್ಲಿ ಏನು ಫಲ ಕೊಟ್ಟಿತು ಎಂದು ಲೆಕ್ಕ ಇಟ್ಟವರಿದ್ದಾರೆ. ಪಶ್ಚಿಮ ಜರ್ಮನಿ 1960ರ ದಶಕದ ಆರಂಭದಲ್ಲಿ ಹಳೆಯ, ಹೊಸ ಎಲ್ಲ ಕಾರುಗಳಿಗೂ ಸ್ಟಿಯರಿಂಗ್ ಬೀಗ ಕಡ್ಡಾಯ ಮಾಡಿತು. ಕಾರು ಕಳವು ಒಟ್ಟಾರೆ ಇಳಿಯಿತು. ಬ್ರಿಟನ್ 1971ರಿಂದ ಹೊಸ ಕಾರುಗಳಿಗೆ ಮಾತ್ರ ಮಾಡಿತು. ಕಳ್ಳರು ಹಳೆಯ ಕಾರುಗಳತ್ತ ತಿರುಗಿದರು. ನಿಮ್ಮ ಗಾಡಿಗೆ ಎರಡನೇ ಬೀಗ ಹಾಕಿದರೆ ಕಳ್ಳ ಪಕ್ಕದ ಗಾಡಿಗೆ ಹೋಗುತ್ತಾನೆ ಎನ್ನುವುದೂ ನಿಜವೇ.

ಇನ್ನೊಂದು ಉದಾಹರಣೆ ತಮಾಷೆಯದು. 1980ರಲ್ಲಿ ಪಶ್ಚಿಮ ಜರ್ಮನಿ ಹೆಲ್ಮೆಟ್ ಹಾಕದವರಿಗೆ ಸ್ಥಳದಲ್ಲೇ ದಂಡ ಹಾಕಲು ಶುರು ಮಾಡಿತು. ಉದ್ದೇಶ ತಲೆ ಉಳಿಸುವುದು. ಆರು ವರ್ಷದಲ್ಲಿ ಬೈಕ್ ಕಳವು ಮೂರನೇ ಒಂದು ಭಾಗದಷ್ಟಕ್ಕೆ ಬಂತು. ಅವಕಾಶ ಸಿಕ್ಕರೆ ಕದಿಯುವವನು ಹೆಲ್ಮೆಟ್ ಹಿಡಿದು ತಿರುಗುವುದಿಲ್ಲ. ಹೆಲ್ಮೆಟ್ ಇಲ್ಲದೆ ಕದ್ದ ಗಾಡಿ ಓಡಿಸಿದರೆ ಮೊದಲ ಪೊಲೀಸನೇ ನಿಲ್ಲಿಸುತ್ತಾನೆ. ನಾವು ಮಾತ್ರ ಹೆಲ್ಮೆಟ್ಟನ್ನು ಕನ್ನಡಿಗೆ ನೇತುಹಾಕಿ ಹೋಗುತ್ತೇವೆ, ಕಳ್ಳನಿಗೂ ಅನುಕೂಲವಾಗಲಿ ಅಂತ.

ಇಂಗ್ಲೆಂಡಿನ ಡೋವರ್ ಪಟ್ಟಣದ ಬಹುಮಹಡಿ ನಿಲುಗಡೆಯಲ್ಲಿ 1980ರ ದಶಕದಲ್ಲಿ ದೀಪ ಹೆಚ್ಚಿಸಿದರು, ಗೋಡೆಯ ಸಂದುಗಳಿಗೆ ಜಾಲರಿ ಹಾಕಿದರು, ಬಾಗಿಲಿನ ಹತ್ತಿರ ಒಂದು ಟ್ಯಾಕ್ಸಿ ಕಂಪನಿಗೆ ಕಚೇರಿ ಬಾಡಿಗೆಗೆ ಕೊಟ್ಟರು. ಹೊತ್ತಲ್ಲದ ಹೊತ್ತಿನಲ್ಲೂ ಅಲ್ಲಿ ಯಾರಾದರೂ ಇರುವಂತಾಯಿತು. ಕಾರು ಕಳವು ಕಡಿಮೆಯಾಯಿತು. ನಮ್ಮ ಸೈಕಲ್ ಸ್ಟ್ಯಾಂಡಿನ ಒಂದೇ ದಾರಿ, ಒಂದು ಸ್ಟೂಲು, ಒಬ್ಬ ಮನುಷ್ಯ ಅನ್ನುವ ಲೆಕ್ಕ ಅವರಿಗೆ ಹೀಗೆ ಹೊಳೆಯಿತು.

ಬೋರ್ಡಿಗೆ ಸುಪ್ರೀಂ ಕೋರ್ಟ್ ಹೇಳಿದ್ದು

ಈಗ ಆ ಬೋರ್ಡಿನ ವಿಷಯ. 1998ರ ಆಗಸ್ಟ್ 1ರ ರಾತ್ರಿ ದೆಹಲಿಯ ತಾಜ್ ಮಹಲ್ ಹೋಟೆಲಿಗೆ ಬಂದ ಒಬ್ಬರು ತಮ್ಮ ಮಾರುತಿ ಝೆನ್ ಕಾರನ್ನೂ ಕೀಲಿಯನ್ನೂ ಹೋಟೆಲಿನ ಸಿಬ್ಬಂದಿಗೆ ಕೊಟ್ಟು ಒಳಗೆ ಹೋದರು. ಕೈಗೆ ಕೊಟ್ಟ ಚೀಟಿಯಲ್ಲಿ, ನಷ್ಟವಾದರೆ ಆಡಳಿತ ಹೊಣೆಯಲ್ಲ ಎಂದು ಅಚ್ಚಾಗಿತ್ತು. ಹೊರಗೆ ಬರುವಷ್ಟರಲ್ಲಿ ಬೇರೆ ಯಾರೋ ಕೀಲಿ ಎತ್ತಿಕೊಂಡು ಕಾರು ಓಡಿಸಿಕೊಂಡು ಹೋಗಿದ್ದರು. ವಿಮಾ ಕಂಪನಿ ಮಾಲೀಕರಿಗೆ 2.80 ಲಕ್ಷ ರೂಪಾಯಿ ಕೊಟ್ಟು, ಆಮೇಲೆ ಹೋಟೆಲಿನ ಮೇಲೆ ಗ್ರಾಹಕ ವೇದಿಕೆಗೆ ಹೋಯಿತು.

2019ರ ನವೆಂಬರ್ 14ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಬರೆದವರು ನಮ್ಮ ಹಾವೇರಿ ಜಿಲ್ಲೆಯಿಂದ ಬಂದ ನ್ಯಾಯಮೂರ್ತಿ ಮೋಹನ ಶಾಂತನಗೌಡರ, 2021ರಲ್ಲಿ ತೀರಿಕೊಂಡರು. ವಾಹನವನ್ನು ವಶಕ್ಕೆ ತೆಗೆದುಕೊಂಡ ಮೇಲೆ ಅದನ್ನು ವಾಪಸು ಕೊಡುವ ಹೊಣೆ ಇದೆ. ತನ್ನ ಮತ್ತು ತನ್ನ ಸಿಬ್ಬಂದಿಯ ಅಜಾಗರೂಕತೆಯನ್ನು ‘ಮಾಲೀಕರ ಹೊಣೆ’ ಎಂಬ ಒಂದು ಸಾಲಿನ ಹಿಂದೆ ಮುಚ್ಚಿಡಲು ಆಗುವುದಿಲ್ಲ. ಜೋಪಾನ ಮಾಡಿದ್ದೆ ಎಂದು ಸಾಬೀತು ಮಾಡಬೇಕಾದವನು ಇಟ್ಟುಕೊಂಡವನೇ. ಇದು ತೀರ್ಪಿನ ಸಾರ. ಕರಾರು ಕಾಯ್ದೆಯ ಅದೇ 148, 151ರ ಮಾತು, 147 ವರ್ಷದ ನಂತರ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಆ ಪ್ರಕರಣದಲ್ಲಿ ಕೀಲಿಯನ್ನೇ ಒಪ್ಪಿಸಿದ್ದರು. ಕೀಲಿ ನಿಮ್ಮ ಜೇಬಿನಲ್ಲೇ ಇದ್ದು ಬರೀ ಜಾಗಕ್ಕೆ ದುಡ್ಡು ಕೊಟ್ಟಿದ್ದರೆ, ಗಾಡಿಯನ್ನು ನಿಜವಾಗಿ ಅವರ ವಶಕ್ಕೆ ಕೊಟ್ಟಿದ್ದಿರಾ ಎಂಬ ಪ್ರಶ್ನೆ ಏಳುತ್ತದೆ. ಆವರಣ ಇತ್ತೇ, ಬಾಗಿಲಿನಲ್ಲಿ ಟೋಕನ್ ನೋಡಿಯೇ ಬಿಡುತ್ತಿದ್ದರೇ, ಟೋಕನ್ನಿನಲ್ಲಿ ಗಾಡಿ ನಂಬರ್ ಬರೆದಿದ್ದರೇ ಎನ್ನುವುದೆಲ್ಲ ಆಗ ಲೆಕ್ಕಕ್ಕೆ ಬರುತ್ತದೆ. ಟೀ ಅಂಗಡಿಯವನ ‘ಹೂಂ’ ಉಪಕಾರವಷ್ಟೇ. ಅವನ ಮೇಲೆ ಹೊಣೆ ಹಾಕುವುದು ಮತ್ತೆ ತಳವಾರನ ಕಥೆಯೇ ಆದೀತು.

ಹಾಗಾದರೆ ನಾವೇನು ಮಾಡಬೇಕು?

ದಿನವಿಡೀ ಬಿಟ್ಟು ಹೋಗುವುದಾದರೆ ಒಂದೇ ದಾರಿಯ, ಮನುಷ್ಯ ಇರುವ, ಟೋಕನ್ ಕೊಡುವ ಸ್ಟ್ಯಾಂಡೇ ಇರಲಿ. ಹತ್ತು ರೂಪಾಯಿ ಉಳಿಸಲು ಗೋಡೆ ಹಿಂದೆ ನಿಲ್ಲಿಸಬೇಡಿ. ಟೋಕನ್ನಿನಲ್ಲಿ ನಂಬರ್ ಬರೆಸಿ, ಅದನ್ನೂ ನಿಲ್ಲಿಸಿದ ಜಾಗವನ್ನೂ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಟೋಕನ್ ಗಾಡಿಯಲ್ಲಿ ಬಿಡಬೇಡಿ, ಆರ್‌ಸಿಯ ಮೂಲಪ್ರತಿಯನ್ನೂ ಡಿಕ್ಕಿಯಲ್ಲಿ ಇಡಬೇಡಿ. ಹ್ಯಾಂಡಲ್ ಲಾಕಿನ ಜೊತೆಗೆ ಚಕ್ರಕ್ಕೊಂದು ಬೀಗ ಇರಲಿ. ಹೆಲ್ಮೆಟ್ ಕೈಯಲ್ಲಿರಲಿ. ಬ್ಯಾಂಕಿನಿಂದ ದುಡ್ಡು ತೆಗೆದರೆ ನೇರ ಮನೆಗೆ, ಮೈಮೇಲೇ ಇಟ್ಟುಕೊಂಡು, ಸಾಧ್ಯವಾದರೆ ಜೊತೆಗೊಬ್ಬರು. ಯಾರೋ ‘ದುಡ್ಡು ಬಿದ್ದಿದೆ’ ಅಂದರೆ ಬಗ್ಗುವ ಮುಂಚೆ ಚೀಲ ಗಟ್ಟಿ ಹಿಡಿಯಿರಿ. ಹಗಲು ನಿಲ್ಲಿಸುವಾಗಲೇ, ಈ ಜಾಗ ರಾತ್ರಿ ಹೇಗಿರುತ್ತದೆ ಎಂದು ಯೋಚಿಸಿ ನಿಲ್ಲಿಸಿ. ಕೀಲಿಯನ್ನು ಗಾಡಿ ಹತ್ತಿರ ಹೋಗಿ ಹುಡುಕುವ ಬದಲು ಮೊದಲೇ ಕೈಯಲ್ಲಿ ಹಿಡಿದು ಹೋಗಿ. ಯಾರಾದರೂ ಸುಮ್ಮನೆ ಹತ್ತಿರ ಸುಳಿಯುತ್ತಿದ್ದರೆ ಬೆಳಕಿಗೆ, ಜನರ ಕಡೆಗೆ ವಾಪಸು ನಡೆಯಿರಿ, 112 ಒತ್ತಿ.

ವಿಮೆಯ ಕಾಗದ ಇವತ್ತೇ ತೆಗೆದು ನೋಡಿ. 2018ರ ಸೆಪ್ಟೆಂಬರ್ 1ರಿಂದ ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾಯಿತು. ‘ಐದು ವರ್ಷ ಇನ್ಶೂರೆನ್ಸ್ ಇದೆ’ ಎಂದು ಸುಮಾರು ಜನ ನಿಶ್ಚಿಂತೆಯಿಂದಿದ್ದಾರೆ. ಥರ್ಡ್ ಪಾರ್ಟಿ ವಿಮೆ ಕಳವಿಗೆ ಒಂದು ಪೈಸೆಯನ್ನೂ ಕೊಡುವುದಿಲ್ಲ. ಕಳವು ಬರುವುದು ಸ್ವಂತ ಹಾನಿಯ ಭಾಗದಲ್ಲಿ, ಅದು ಸಾಮಾನ್ಯವಾಗಿ ಮೊದಲ ವರ್ಷಕ್ಕೇ ಮುಗಿದಿರುತ್ತದೆ. ತರಕಾರಿ ಮಾರುತ್ತಿದ್ದ ನಮ್ಮ ಪರಿಚಯದವರಿಗೆ ಆದದ್ದೂ ಇದೇ.

ಗಾಡಿ ಕಾಣದಿದ್ದರೆ ಹುಡುಕಾಡುತ್ತಾ ಎರಡು ದಿನ ಕಳೆಯಬೇಡಿ. ಅವತ್ತೇ ದೂರು ಕೊಡಿ. ಇದು ನಮ್ಮ ವ್ಯಾಪ್ತಿಯಲ್ಲ ಎಂದು ಠಾಣೆಯವರು ವಾಪಸು ಕಳಿಸುವಂತಿಲ್ಲ; ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಯಾವ ಠಾಣೆಯಲ್ಲಾದರೂ ಕೊಡಬಹುದು, ಆನ್‌ಲೈನಿನಲ್ಲಿ ಕಳಿಸಿ ಮೂರು ದಿನದೊಳಗೆ ಸಹಿಯನ್ನೂ ಹಾಕಬಹುದು. ವಿಮಾ ಕಂಪನಿಗೂ ಅವತ್ತೇ ತಿಳಿಸಿ. ಪೊಲೀಸ್ ದೂರು ತಕ್ಷಣ ಕೊಟ್ಟಿದ್ದರೆ, ಕಂಪನಿಗೆ ತಿಳಿಸಲು ತಡವಾಯಿತು ಎನ್ನುವ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸಬಾರದು ಎಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಹೇಳಿದೆ. ಸ್ಟ್ಯಾಂಡಿನವರ ಮೇಲೆ ದೂರಿದ್ದರೆ ಹಾಸನದ ಜಿಲ್ಲಾ ಗ್ರಾಹಕರ ಆಯೋಗವಿದೆ. ಘಟನೆ ನಡೆದು ಎರಡು ವರ್ಷದೊಳಗೆ ಹೋಗಬೇಕು.

ಇವೆಲ್ಲ ಒಬ್ಬೊಬ್ಬರು ಮಾಡಿಕೊಳ್ಳಬಹುದಾದದ್ದು. ಊರು ಮಾಡಬೇಕಾದದ್ದು ಒಂದಿದೆ. ಹಾಸನಾಂಬೆಯ ಬಾಗಿಲು ತೆರೆದ ದಿನಗಳಲ್ಲಿ, ಶ್ರವಣಬೆಳಗೊಳದಲ್ಲಿ 2018ರ ಮಹಾಮಸ್ತಕಾಭಿಷೇಕ ನಡೆದಾಗ, ಬರೀ ಬಯಲನ್ನೂ ನಿಲುಗಡೆಯ ಜಾಗ ಮಾಡಲು ನಮಗೆ ಆಯಿತು. ಹೋಬಳಿ ಕೇಂದ್ರವಾದ ಹಳ್ಳಿಮೈಸೂರಿನಲ್ಲಿ ಪೊಲೀಸ್ ಠಾಣೆಯೂ ಇದೆ, ಗ್ರಾಮ ಪಂಚಾಯತಿಯೂ ಇದೆ. ಬಸ್ ನಿಲ್ಲುವ ಕಡೆ ಒಂದು ಬೇಲಿ, ಒಂದು ದೀಪ, ಒಂದು ಸ್ಟೂಲು, ಸರಿಯಾಗಿ ಸಂಬಳ ಸಿಗುವ ಒಬ್ಬ ಮನುಷ್ಯ ಬೇಕು. ಹರಾಜಿನಲ್ಲಿ ಸ್ಟ್ಯಾಂಡ್ ಹಿಡಿದವನು ಹೊಣೆ ಹೊರಬೇಕೇ ಹೊರತು ದಿನಗೂಲಿಗೆ ಕೂತ ಹುಡುಗನಲ್ಲ ಎಂದು ಕರಾರಿನಲ್ಲೇ ಬರೆಸಬೇಕು. ಬೋರ್ಡ್ ಹಾಕುವುದೇ ಆದರೆ ‘ಜವಾಬ್ದಾರಿ ನಮ್ಮದು’ ಎಂದು ಹಾಕಲಿ.

ತರಕಾರಿ ವ್ಯಾಪಾರದವರಿಗೆ ಈ ತೀರ್ಪಿನ ವಿಷಯ ಹೇಳಿದೆ. ಎರಡು ವರ್ಷ ಇನ್ನೂ ಆಗಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಒಳಗೆ ಹೋದರು, ಸಾಲದ ಕಾಗದಗಳ ನಡುವೆ ಇಟ್ಟಿದ್ದ ಟೋಕನ್ ತಂದು ತೋರಿಸಿದರು. ಮಸಿ ಸ್ವಲ್ಪ ಮಾಸಿದೆ. ಗಾಡಿ ನಂಬರ್ ಇನ್ನೂ ಓದಲು ಬರುತ್ತದೆ.